ಆಕ್ಸೆಲರೇಟ್, ಎಕ್ಸ್‌ಪೆಡೈಟ್, ಸ್ಪೀಡ್ ಅಪ್: ಮೂರೂ ಒಂದೇನಾ?

ಗೋಕುಲ್‌ರೋಡ್_ಪರ್ಚೇಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುವ ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿದ್ದೇನೆ. ಕೆಲವು ಸೀಲ್, ಸ್ಪ್ರಿಂಗ್ ಹೊರದೇಶದಿಂದ ಬರುತ್ತವೆ. ಹಾಗಾಗಿ ದಿನಾ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು. ಮೊನ್ನೆ ಒಬ್ಬ ಸಪ್ಲೈಯರ್‌ಗೆ "ಪ್ಲೀಸ್ ಆಕ್ಸೆಲರೇಟ್ ದ ಡೆಲಿವರಿ" ಅಂತ ಬರೆದಿದ್ದೆ. ನಮ್ಮ ಸೀನಿಯರ್ ಆಕ್ಸೆಲರೇಟ್ ತೆಗೆದು ಎಕ್ಸ್‌ಪೆಡೈಟ್ ಹಾಕಿದರು. ಕಾರಣ ಕೇಳಿದರೆ "ಹಾಗೇ ಬರೆಯೋದು" ಅಂದರು ಅಷ್ಟೇ. ಪಕ್ಕದ ಸೀಟಿನವರು ಆಕ್ಸೆಲರೇಟ್ ಅನ್ನುವುದು ಗಾಡಿಗೆ ಮಾತ್ರ ಅಂತಾರೆ. ಆದರೆ ಪೇಪರ್‌ನಲ್ಲಿ ಆರ್ಥಿಕತೆ, ಮಣ್ಣಿನ ಸವಕಳಿ, ಲಸಿಕೆ ಕೆಲಸ ಎಲ್ಲದಕ್ಕೂ ಇದೇ ಪದ ಬರುತ್ತದಲ್ವಾ?

ನಿಘಂಟು ತೆಗೆದರೆ ಎಲ್ಲದಕ್ಕೂ "ವೇಗ ಹೆಚ್ಚಿಸು, ತ್ವರಿತಗೊಳಿಸು" ಅಂತಲೇ ಇದೆ, ಅದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನೂ ಎರಡು ಅನುಮಾನ ಇವೆ. "ಆಕ್ಸೆಲರೇಟ್ ದ ಸ್ಪೀಡ್" ಅನ್ನಬಹುದಾ? "ದ ವರ್ಕ್ ವಿಲ್ ಎಕ್ಸ್‌ಪೆಡೈಟ್" ಅಂತ ನಮ್ಮ ಕಡೆ ಎಲ್ಲರೂ ಬರೆಯುತ್ತಾರೆ, ಅದು ಸರೀನಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಶಿವಮೊಗ್ಗ_ಇಂಗ್ಲಿಷ್_ಮೇಡಂ:

ನೀವು ಬರೆದದ್ದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೂ ನಿಮ್ಮ ಸೀನಿಯರ್ ಹಾಕಿದ ಪದ ಆ ಜಾಗಕ್ಕೆ ಹೆಚ್ಚು ಹೊಂದುತ್ತದೆ. ಗಾಡಿಗೆ ಮಾತ್ರ ಅನ್ನುವುದಂತೂ ಖಂಡಿತ ನಿಜವಲ್ಲ. ಆಕ್ಸೆಲರೇಟ್ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ. ಆಗ ಮೋಟಾರು ಗಾಡಿಯೇ ಇರಲಿಲ್ಲ.

ಮೊದಲು ಎರಡನೇ ಅನುಮಾನಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ವಿದ್ಯಾರ್ಥಿಗಳು ಎಡವುವುದು ಅಲ್ಲೇ. ಕನ್ನಡದಲ್ಲಿ "ಕಾಮಗಾರಿ ಚುರುಕಾಯಿತು" ಬೇರೆ, "ಕಾಮಗಾರಿ ಚುರುಕುಗೊಳಿಸಿದರು" ಬೇರೆ. ತಾನಾಗಿ ಆದದ್ದಕ್ಕೆ ಒಂದು ರೂಪ, ಯಾರೋ ಮಾಡಿಸಿದ್ದಕ್ಕೆ ಇನ್ನೊಂದು. ಓಡು, ಓಡಿಸು ಇದ್ದ ಹಾಗೆ. ಇಂಗ್ಲಿಷಿನ ಆಕ್ಸೆಲರೇಟ್‌ಗೆ ಈ ಬದಲಾವಣೆ ಬೇಕಿಲ್ಲ. "ದ ಕಾರ್ ಆಕ್ಸೆಲರೇಟೆಡ್" ಅಂದರೆ ಕಾರು ತಾನೇ ವೇಗ ಹಿಡಿಯಿತು. "ಶಿ ಆಕ್ಸೆಲರೇಟೆಡ್ ದ ಕಾರ್" ಅಂದರೆ ಅವಳು ವೇಗ ಹೆಚ್ಚಿಸಿದಳು. ಎರಡೂ ಸರಿ. ಸ್ಪೀಡ್ ಅಪ್ ಕೂಡ ಹೀಗೇ. ಎಕ್ಸ್‌ಪೆಡೈಟ್ ಮಾತ್ರ ಹಾಗಲ್ಲ. ಅದಕ್ಕೆ ಯಾವಾಗಲೂ ಒಂದು ಕರ್ಮ ಬೇಕು, ಏನನ್ನು ಅನ್ನುವುದು ಇರಲೇಬೇಕು. ಆದ್ದರಿಂದ "ದ ವರ್ಕ್ ವಿಲ್ ಎಕ್ಸ್‌ಪೆಡೈಟ್" ತಪ್ಪು, "ದ ವರ್ಕ್ ವಿಲ್ ಬಿ ಎಕ್ಸ್‌ಪೆಡೈಟೆಡ್" ಸರಿ.

ಈ ತಪ್ಪು ನಮ್ಮಲ್ಲಿ ಯಾಕೆ ಇಷ್ಟು ಜಾಸ್ತಿ ಅಂತ ನನಗೆ ಅನ್ನಿಸುವುದು ಹೀಗೆ. ನಾವು ಕನ್ನಡ ಮಾತಾಡುವಾಗ ಯಾವ ಇಂಗ್ಲಿಷ್ ಪದಕ್ಕಾದರೂ ಮಾಡು, ಆಗು ಅಂಟಿಸಿಬಿಡುತ್ತೇವೆ. "ಫೈಲ್ ಎಕ್ಸ್‌ಪೆಡೈಟ್ ಮಾಡಿ ಸರ್", "ಫೈಲ್ ಎಕ್ಸ್‌ಪೆಡೈಟ್ ಆಗ್ತಿದೆ". ಮಾತಿನಲ್ಲಿ ಎರಡೂ ಚೆನ್ನಾಗಿ ನಡೆಯುತ್ತವೆ, ಯಾಕೆಂದರೆ ವ್ಯಾಕರಣದ ಕೆಲಸವನ್ನೆಲ್ಲ ಮಾಡು, ಆಗುಗಳೇ ಮಾಡುತ್ತವೆ. ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಆಗು ಬಿದ್ದುಹೋಗುತ್ತದೆ, ಬರೀ ಎಕ್ಸ್‌ಪೆಡೈಟ್ ಉಳಿಯುತ್ತದೆ, ವಾಕ್ಯ ಕುಂಟುತ್ತದೆ.

ಇನ್ನು ಅರ್ಥದ ವಿಷಯ. ಆಕ್ಸೆಲರೇಟ್ ಅಂದರೆ ಈಗಾಗಲೇ ನಡೆಯುತ್ತಿರುವುದು ಇನ್ನಷ್ಟು ವೇಗ ಪಡೆಯುವುದು. ಎಕ್ಸ್‌ಪೆಡೈಟ್ ಹುಟ್ಟಿದ್ದು ಲ್ಯಾಟಿನ್‌ನಲ್ಲಿ ಕಾಲಿಗೆ ಸಿಕ್ಕಿಕೊಂಡ ತೊಡಕು ಬಿಡಿಸುವುದು ಅನ್ನುವ ಅರ್ಥದಿಂದ. ಅಡ್ಡಿಪಡಿಸು ಅನ್ನುವ ಇಂಪೀಡ್ ಅದೇ ಬೇರಿನದು. ಆ ಮೂಲದ ವಾಸನೆ ಈಗಲೂ ಇದೆ. ಅರ್ಜಿ, ಆರ್ಡರ್, ಪಾರ್ಸೆಲ್, ಕೋರ್ಟಿನ ವಿಚಾರಣೆ, ಇಂಥವನ್ನು ಎಕ್ಸ್‌ಪೆಡೈಟ್ ಮಾಡುತ್ತಾರೆ. ಎಲ್ಲೋ ಸಾಲಿನಲ್ಲಿ ಕಾಯುತ್ತಿರುತ್ತದೆ, ಅದನ್ನು ಬಿಡಿಸಿ ಮುಂದೆ ಕಳಿಸಬೇಕು. ನಾನು ತರಗತಿಯಲ್ಲಿ ಹೇಳುವ ಪರೀಕ್ಷೆ ಸುಲಭ. ಯಾವುದಕ್ಕೆ "ಮುಗಿಯಿತು" ಅನ್ನಬಹುದೋ ಅದಕ್ಕೆ ಎಕ್ಸ್‌ಪೆಡೈಟ್ ಹೊಂದುತ್ತದೆ. ಕೊನೆ ಅನ್ನುವುದೇ ಇಲ್ಲದ್ದಕ್ಕೆ, ಅಂದರೆ ಬೆಳವಣಿಗೆ, ಮುಪ್ಪು, ಸವಕಳಿ, ಹಿಮ ಕರಗುವುದು, ಇವಕ್ಕೆ ಆಕ್ಸೆಲರೇಟ್. ಮಣ್ಣಿನ ಸವಕಳಿಯನ್ನು ಯಾರೂ ಎಕ್ಸ್‌ಪೆಡೈಟ್ ಮಾಡುವುದಿಲ್ಲ. ಆ ಪದದಲ್ಲಿ ಬೇಕೆಂದೇ ಮಾಡುವ ಒಬ್ಬ ಮನುಷ್ಯ ಇರುತ್ತಾನೆ. ಮೆಟ್ರೋ ಕಾಮಗಾರಿಯಂಥದ್ದಕ್ಕೆ ಎರಡೂ ನಡೆಯುತ್ತವೆ.

"ಆಕ್ಸೆಲರೇಟ್ ದ ಸ್ಪೀಡ್" ಬೇಡ. ವೇಗ ಆ ಪದದೊಳಗೇ ಇದೆ. ಕನ್ನಡದಲ್ಲಿ "ವೇಗ ಹೆಚ್ಚಿಸು" ಅಂತ ಎರಡು ಪದ ಬೇಕು, ಅದಕ್ಕೇ ಇಂಗ್ಲಿಷಿನಲ್ಲೂ ಎರಡು ಹಾಕುತ್ತೇವೆ. "ಇನ್‌ಕ್ರೀಸ್ ದ ಸ್ಪೀಡ್" ಅನ್ನಿ, ಇಲ್ಲವೇ ಆಕ್ಸೆಲರೇಟ್ ಒಂದೇ ಸಾಕು. ಹಾಗೇ ದಯವಿಟ್ಟು ಯಾರೂ "ಫಾಸ್ಟ್ಲಿ" ಬರೆಯಬೇಡಿ. "ಡು ಇಟ್ ಫಾಸ್ಟ್" ಸಾಕು.

ಪೀಣ್ಯ_ಹಳಬ:

ಮೇಡಂ ಹೇಳಿದ್ದರ ಮೇಲೆ ನಮ್ಮ ಲೈನಿನ ಮಾತು ಒಂದಿಷ್ಟು ಸೇರಿಸುತ್ತೇನೆ. ತಮ್ಮಾ, ಪರ್ಚೇಸ್‌ನಲ್ಲಿ ಎಕ್ಸ್‌ಪೆಡೈಟ್ ಅನ್ನುವುದು ಬರೀ ಕ್ರಿಯಾಪದ ಅಲ್ಲ, ಅದು ಒಂದು ಕೆಲಸದ ಹೆಸರು. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಎಕ್ಸ್‌ಪೆಡೈಟರ್ ಅಂತಲೇ ಒಬ್ಬರನ್ನು ಇಟ್ಟಿರುತ್ತಾರೆ. ಕಚ್ಚಾ ಮಾಲು ಬಂತಾ, ಡ್ರಾಯಿಂಗ್‌ಗೆ ಒಪ್ಪಿಗೆ ಸಿಕ್ಕಿತಾ, ಇನ್‌ಸ್ಪೆಕ್ಷನ್ ಯಾವಾಗ, ಎಲ್ಲಿ ನಿಂತಿದೆ ಅಂತ ಫೋನಿನಲ್ಲೋ, ನೇರವಾಗಿ ಸಪ್ಲೈಯರ್ ಕಾರ್ಖಾನೆಗೇ ಹೋಗಿಯೋ ನೋಡುವುದು ಅವರ ಕೆಲಸ. ಆದ್ದರಿಂದ ಹೊರಗಿನ ಸಪ್ಲೈಯರ್ ಆ ಪದ ಓದಿದ ಕೂಡಲೇ ನಿನ್ನ ಆರ್ಡರನ್ನು ಸಾಲಿನಲ್ಲಿ ಮುಂದೆ ತರಬೇಕು ಅಂತ ಅರ್ಥ ಮಾಡಿಕೊಳ್ಳುತ್ತಾನೆ. ಕೆಲವರು ಅದಕ್ಕೆ ಬೇರೆ ದುಡ್ಡೇ ಕೇಳುತ್ತಾರೆ, ಎಕ್ಸ್‌ಪೆಡೈಟ್ ಫೀ ಅಂತ. ಹಡಗಿನ ಬದಲು ವಿಮಾನದಲ್ಲಿ ಕಳಿಸಿ ಆ ಬಾಡಿಗೆಯನ್ನೂ ಬಿಲ್‌ಗೆ ಹಾಕಬಹುದು. ಹೆಚ್ಚಿನ ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳದೆ ಆ ಪದ ಬಳಸಬೇಡ.

ಇನ್ನೊಂದು. ನಮ್ಮಲ್ಲಿ "ಕೈಂಡ್ಲಿ ಎಕ್ಸ್‌ಪೆಡೈಟ್" ಅನ್ನುವುದು ಪ್ರತಿ ಮೇಲ್‌ನ ಕೊನೆಗೆ ಅಭ್ಯಾಸಬಲದಿಂದ ಬೀಳುತ್ತದೆ. ಓದುವವನಿಗೂ ರೂಢಿಯಾಗಿ ಅದಕ್ಕೆ ತೂಕವೇ ಇಲ್ಲ. ಹೊರದೇಶದವನು ಹುಡುಕುವುದು ತಾರೀಖು. ಪಿಓ (ಪರ್ಚೇಸ್ ಆರ್ಡರ್) ನಂಬರ್, ಯಾವ ಐಟಂ, ಯಾವ ದಿನಕ್ಕೆ ಬೇಕು, ಪೂರ್ತಿ ಆಗದಿದ್ದರೆ ಅರ್ಧ ಕಳಿಸಿದರೂ ನಡೆಯುತ್ತದಾ, ಇದು ಬರೆ. "ಕುಡ್ ಯು ಶಿಪ್ ಐಟಂ 3 ಬೈ 14 ಜೂನ್? ಇಫ್ ನಾಟ್, ವಾಟ್ ಈಸ್ ದ ಅರ್ಲಿಯೆಸ್ಟ್ ಡೇಟ್?" ಅಂತ ಬರೆದರೆ ಆಕ್ಸೆಲರೇಟೂ ಬೇಕಾಗಿಲ್ಲ, ಎಕ್ಸ್‌ಪೆಡೈಟೂ ಬೇಕಾಗಿಲ್ಲ. ಉತ್ತರ ಬರುತ್ತದೆ.

ಮತ್ತೆ ಪ್ರೀಪೋನ್, ಅಂದರೆ ಗೊತ್ತುಮಾಡಿದ ದಿನವನ್ನು ಇನ್ನೂ ಬೇಗಕ್ಕೆ ತರುವುದು. ಅದು ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಇದೆ ನಿಜ, ನಮ್ಮ ದೇಶದೊಳಗೆ ಧಾರಾಳವಾಗಿ ಬಳಸು. ಜರ್ಮನಿ, ಜಪಾನ್‌ನವರಿಗೆ ಬರೆಯುವಾಗ "ಬ್ರಿಂಗ್ ಫಾರ್ವರ್ಡ್" ಅಂತ ಬರೆದರೆ ಗೊಂದಲ ಇರುವುದಿಲ್ಲ.

ಹಾಸನ_ಫಿಸಿಕ್ಸ್:

ಮೇಡಂ ಅವರ ವಿವರಣೆ ಚೆನ್ನಾಗಿದೆ. ಆದರೆ ಆಕ್ಸೆಲರೇಟ್ ಪದದ ಒಂದು ಮುಖ್ಯ ಗುಣ ಅದರಲ್ಲಿ ಪೂರ್ತಿ ಬಂದಿಲ್ಲ ಅಂತ ನನಗೆ ಅನ್ನಿಸಿತು.

ಭೌತಶಾಸ್ತ್ರದಲ್ಲಿ ಆಕ್ಸೆಲರೇಷನ್‌ಗೆ ನಾವು ವೇಗೋತ್ಕರ್ಷ ಅನ್ನುತ್ತೇವೆ. ಅದು ವೇಗ ಅಲ್ಲ, ವೇಗ ಬದಲಾಗುವ ದರ. ಕೈಬಿಟ್ಟ ಕಲ್ಲು ಬೀಳುವಾಗ ಪ್ರತಿ ಸೆಕೆಂಡಿಗೆ ಅದರ ವೇಗ ಸುಮಾರು 9.8 ಮೀಟರ್ ಪರ್ ಸೆಕೆಂಡ್ ಹೆಚ್ಚುತ್ತದೆ. ಗಂಟೆಗೆ 100 ಕಿಲೋಮೀಟರ್‌ನಲ್ಲಿ ಒಂದೇ ಸಮನೆ ನೇರ ರಸ್ತೆಯಲ್ಲಿ ಹೋಗುತ್ತಿರುವ ಕಾರಿನ ವೇಗೋತ್ಕರ್ಷ ಸೊನ್ನೆ. ಆಗುಂಬೆ ಘಾಟಿಯಲ್ಲಿ ನಿಧಾನವಾಗಿ ತಿರುವು ತೆಗೆದುಕೊಳ್ಳುವ ಬಸ್ಸಿಗೆ ವೇಗೋತ್ಕರ್ಷ ಇದೆ. ಸ್ಪೀಡೋಮೀಟರ್ ಮುಳ್ಳು ಅಲ್ಲಾಡದಿದ್ದರೂ ಅದರ ದಿಕ್ಕು ಬದಲಾಗುತ್ತಿದೆಯಲ್ಲ. ನಾವು ಸೀಟಿನಲ್ಲಿ ಒಂದು ಕಡೆಗೆ ವಾಲುವುದು ಅದಕ್ಕೇ. ಬ್ರೇಕ್ ಹಾಕುವುದೂ ನಮ್ಮ ಲೆಕ್ಕದಲ್ಲಿ ಆಕ್ಸೆಲರೇಷನ್ನೇ, ಚಿಹ್ನೆ ಮಾತ್ರ ಮೈನಸ್. ದಿನಬಳಕೆಯ ಇಂಗ್ಲಿಷಿನಲ್ಲಿ ಮಾತ್ರ ಅದು ಹೆಚ್ಚುವುದಕ್ಕೆ ಸೀಮಿತ.

ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ ಪತ್ರಿಕೆ ಓದುವಾಗ ಇದು ತುಂಬಾ ಬೇಕಾಗುತ್ತದೆ. "ಗ್ರೋತ್ ಆಕ್ಸೆಲರೇಟೆಡ್" ಅಂದರೆ ಬೆಳೆಯಿತು ಅಂತ ಮಾತ್ರ ಅಲ್ಲ, ಬೆಳೆಯುವ ದರವೇ ಮೊದಲಿಗಿಂತ ಏರಿತು ಅಂತ. ಹಾಗೇ ಹಣದುಬ್ಬರ 6 ಪರ್ಸೆಂಟ್‌ನಿಂದ 4ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಬೆಲೆ ಇಳಿಯಿತು ಅಂತ ಎಷ್ಟೋ ಜನ ತಿಳಿದುಕೊಳ್ಳುತ್ತಾರೆ. ಇಲ್ಲ. ಬೆಲೆ ಏರುತ್ತಲೇ ಇದೆ, ಏರುವ ವೇಗ ಕಡಿಮೆಯಾಗಿದೆ ಅಷ್ಟೇ. ಕಳೆದ ವರ್ಷ 100 ರೂಪಾಯಿ ಇದ್ದ ಸಾಮಾನು ಈಗ 104. ಬೆಲೆಯನ್ನು ಗಾಡಿ ಇರುವ ಜಾಗ ಅಂದುಕೊಂಡರೆ ಹಣದುಬ್ಬರ ಅದರ ವೇಗ, ಹಣದುಬ್ಬರದ ಏರಿಳಿತ ವೇಗೋತ್ಕರ್ಷ. ಕನ್ನಡ ವರದಿಗಳಲ್ಲಿ ಈ ಎರಡು ಮೂರು ಮೆಟ್ಟಿಲನ್ನು "ಏರಿಕೆ", "ಇಳಿಕೆ" ಅನ್ನುವ ಎರಡೇ ಪದದಲ್ಲಿ ಮುಗಿಸಿಬಿಡುತ್ತಾರೆ. ಓದುವವರು ದಾರಿ ತಪ್ಪುವುದು ಅಲ್ಲಿಯೇ. ಬರೆಯುವವರು ಇದನ್ನು ದಯವಿಟ್ಟು ಗಮನಿಸಬೇಕು.

ಸಾಲ_ವಿಭಾಗ_ಮಂಗಳೂರು:

ನಾನು ಬ್ಯಾಂಕಿನವನು. ಆಕ್ಸೆಲರೇಟ್ ಪದಕ್ಕೆ ನಮ್ಮಲ್ಲಿ ಪೂರ್ತಿ ಬೇರೆ ಅರ್ಥ ಇದೆ, ಗೊತ್ತಿರಲೇಬೇಕು.

ಸಾಲದ ಕರಾರಿನಲ್ಲಿ "ಆಕ್ಸೆಲರೇಷನ್" ಅಂತ ಒಂದು ಷರತ್ತು ಇರುತ್ತದೆ. ಕಂತು ಕಟ್ಟದೆ ಹೋದರೆ ಉಳಿದ ಸಾಲ ಪೂರ್ತಿ ಒಮ್ಮೆಲೇ ಕಟ್ಟಿ ಅಂತ ಕೇಳುವ ಹಕ್ಕು ಬ್ಯಾಂಕಿಗೆ ಬರುತ್ತದೆ. ಮುಂದಿನ 15 ವರ್ಷಕ್ಕೆ ಹಂಚಿಟ್ಟಿದ್ದ ಬಾಕಿ ಇವತ್ತೇ ಬಾಕಿ ಆಗುತ್ತದೆ. ವಾಯಿದೆಯನ್ನೇ ಹಿಂದಕ್ಕೆ ಎಳೆದಂತೆ. ಅಮೆರಿಕದಲ್ಲಿ ಮನೆ ಕೊಂಡ ನಮ್ಮವರಿಗೆ "ನೋಟಿಸ್ ಆಫ್ ಆಕ್ಸೆಲರೇಷನ್" ಬಂದರೆ ಅದರರ್ಥ ಇದೇ. ನಮ್ಮ ದೇಶದಲ್ಲಿ ಮಾತಿನಲ್ಲಿ "ಲೋನ್ ರೀಕಾಲ್" ಅನ್ನುವುದು ಜಾಸ್ತಿ. "ಯುವರ್ ಲೋನ್ ಮೇ ಬಿ ಆಕ್ಸೆಲರೇಟೆಡ್" ಅಂತ ಓದಿ ಸಾಲ ಬೇಗ ಮಂಜೂರಾಗುತ್ತದೆ ಅಂದುಕೊಳ್ಳುವವರೂ ಇದ್ದಾರೆ. ಅವರ ತಪ್ಪಲ್ಲ, ನಿಘಂಟಿನ ಅರ್ಥ ಅದೇ ತಾನೆ.

ಇನ್ಶೂರೆನ್ಸ್‌ನಲ್ಲೂ ಇದೆ. ಟರ್ಮ್ ಪಾಲಿಸಿ ಜೊತೆ "ಆಕ್ಸೆಲರೇಟೆಡ್ ಕ್ರಿಟಿಕಲ್ ಇಲ್‌ನೆಸ್" ರೈಡರ್, ಅಂದರೆ ಪಾಲಿಸಿಗೆ ಸೇರಿಸುವ ಉಪ ಕರಾರು, ಕೊಡುತ್ತಾರೆ. ಹೆಸರು ಕೇಳಿದರೆ ದುಡ್ಡು ಬೇಗ ಕೊಡುತ್ತಾರೆ ಅನ್ನಿಸುತ್ತದೆ. ನಿಜವಾದ ವಿಷಯ ಏನೆಂದರೆ, ಸತ್ತ ಮೇಲೆ ಬರಬೇಕಾದ ಮೊತ್ತದಿಂದಲೇ ಒಂದು ಭಾಗ ಮೊದಲೇ ಬರುತ್ತದೆ. 50 ಲಕ್ಷದ ಪಾಲಿಸಿಯಲ್ಲಿ 10 ಲಕ್ಷದ ಇಂಥ ರೈಡರ್ ಇದ್ದು, ದೊಡ್ಡ ಕಾಯಿಲೆ ಬಂದು ಆ 10 ಲಕ್ಷ ಪಡೆದರೆ, ಉಳಿಯುವ ಜೀವವಿಮೆ 40 ಲಕ್ಷ. ಬೇರೆಯಾಗಿ ಹೆಚ್ಚುವರಿ ಸಿಗುವ ರೈಡರ್ ಬೇಕಿದ್ದರೆ ಅದು ಬೇರೆ ಹೆಸರಿನಲ್ಲಿ, ಬೇರೆ ಪ್ರೀಮಿಯಂನಲ್ಲಿ ಇರುತ್ತದೆ. ಸಹಿ ಹಾಕುವ ಮೊದಲು ಏಜೆಂಟ್ ಹತ್ತಿರ ಈ ಒಂದು ಪದದ ಬಗ್ಗೆ ಕೇಳಿ. ಮನೆಯವರ ಭವಿಷ್ಯ ಅದರಲ್ಲಿದೆ.

ಔಷಧಿ_ರೆಗ್ಯುಲೇಟರಿ:

ಬ್ಯಾಂಕ್ ಸರ್ ಹೇಳಿದ ಹಾಗೆ ನಮ್ಮಲ್ಲೂ ಪದ ಬದಲಾಯಿಸುವ ಸ್ವಾತಂತ್ರ್ಯ ಇಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗಂಭೀರ ಕಾಯಿಲೆಗಳ ಔಷಧಿಗೆ ಮುಖ್ಯವಾಗಿ ನಾಲ್ಕು ದಾರಿ ಇಟ್ಟಿದೆ: ಫಾಸ್ಟ್ ಟ್ರ್ಯಾಕ್, ಬ್ರೇಕ್‌ಥ್ರೂ ಥೆರಪಿ, ಪ್ರಯಾರಿಟಿ ರಿವ್ಯೂ, ಆಕ್ಸೆಲರೇಟೆಡ್ ಅಪ್ರೂವಲ್. ನಾಲ್ಕನ್ನೂ ಸೇರಿಸಿ ಹೇಳುವಾಗ ಎಕ್ಸ್‌ಪೆಡೈಟೆಡ್ ಪ್ರೋಗ್ರಾಂ ಅನ್ನುತ್ತಾರೆ. ಹೊರಗಿನವರಿಗೆ ಎಲ್ಲವೂ "ಬೇಗ ಒಪ್ಪಿಗೆ" ಅಂತ ಒಂದೇ ಥರ ಕೇಳಿಸುತ್ತದೆ. ಒಳಗೆ ತುಂಬಾ ವ್ಯತ್ಯಾಸ ಇದೆ.

ಪ್ರಯಾರಿಟಿ ರಿವ್ಯೂ ಅಂದರೆ ಮಾಮೂಲಿ 10 ತಿಂಗಳ ಪರಿಶೀಲನೆಯನ್ನು 6 ತಿಂಗಳಲ್ಲಿ ಮುಗಿಸುವ ಗುರಿ. ಬೇಕಾದ ಪುರಾವೆ ಅಷ್ಟೇ, ಕೆಲಸ ಮಾತ್ರ ಬೇಗ. ಆಕ್ಸೆಲರೇಟೆಡ್ ಅಪ್ರೂವಲ್ ಶುರುವಾದದ್ದು 1992ರಲ್ಲಿ, ಏಡ್ಸ್ ಜೋರಾಗಿದ್ದ ಕಾಲದಲ್ಲಿ. ಅದರಲ್ಲಿ ಪುರಾವೆಯ ಬಗೆಯೇ ಬೇರೆ. ರೋಗಿ ಎಷ್ಟು ದಿನ ಹೆಚ್ಚು ಬದುಕಿದ ಅಂತ ನೋಡಲು ವರ್ಷಗಳು ಬೇಕು. ಅಷ್ಟು ಕಾಯದೆ ಗಡ್ಡೆ ಕುಗ್ಗಿತಾ, ರಕ್ತದಲ್ಲಿ ವೈರಸ್ ಕಡಿಮೆಯಾಯಿತಾ ಅನ್ನುವಂಥ ಸೂಚನೆ ನೋಡಿ ಒಪ್ಪಿಗೆ ಕೊಡುತ್ತಾರೆ. ನಿಜವಾಗಿ ಉಪಯೋಗ ಇದೆ ಅಂತ ಆಮೇಲೆ ತೋರಿಸಬೇಕು. ತೋರಿಸಲಾಗದಿದ್ದರೆ ಒಪ್ಪಿಗೆ ವಾಪಸ್ ಹೋಗಬಹುದು. ಅವಾಸ್ಟಿನ್ ಅನ್ನುವ ಔಷಧಿಗೆ ಸ್ತನ ಕ್ಯಾನ್ಸರ್‌ಗಾಗಿ 2008ರಲ್ಲಿ ಹೀಗೆ ಸಿಕ್ಕ ಒಪ್ಪಿಗೆಯನ್ನು 2011ರಲ್ಲಿ ಹಿಂದೆ ತೆಗೆದುಕೊಂಡರು. ಅದಕ್ಕೇ ಕನ್ನಡದಲ್ಲಿ ವರದಿ ಬರೆಯುವವರು ಎರಡಕ್ಕೂ "ತ್ವರಿತ ಅನುಮೋದನೆ" ಅಂತ ಹಾಕಿದಾಗ ನನಗೆ ಬೇಜಾರಾಗುತ್ತದೆ. ಕಾಯಿಲೆಯವರ ಮನೆಯವರು ಅದನ್ನು ಓದಿ ಏನೇನೋ ಆಸೆ ಇಟ್ಟುಕೊಳ್ಳುತ್ತಾರೆ.

ಆರ್‌ಎಕ್ಸ್_ತುಮಕೂರು:

ನಾನು ಗ್ಯಾರೇಜ್ ಭಾಷೆ ಹೇಳುತ್ತೇನೆ. "ಎಕ್ಸಲೇಟರ್ ಕೊಡು", "ರೈಸ್ ಮಾಡು" ಅಂತ ನಾವು ಹೇಳುವುದರಲ್ಲಿ ಎರಡು ಬೇರೆ ಕೆಲಸ ಇವೆ. ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಗುರ್ ಅನ್ನಿಸುವುದಕ್ಕೆ ಇಂಗ್ಲಿಷಿನಲ್ಲಿ "ರೆವ್" ಅನ್ನುತ್ತಾರೆ, ಇಂಜಿನ್ ತಿರುಗುವುದು ಹೆಚ್ಚಾಯಿತು ಅಂತ. ಗಾಡಿ ಮುಂದೆ ಓಡಿ ವೇಗ ಹಿಡಿದರೆ ಮಾತ್ರ ಆಕ್ಸೆಲರೇಟ್. "ಪಿಕಪ್ ಚೆನ್ನಾಗಿದೆ" ಅನ್ನುವುದನ್ನು ನಮ್ಮ ಊರಿನ ಇಂಗ್ಲಿಷ್ ಅಂತ ಕೆಲವರು ತಳ್ಳಿಹಾಕುತ್ತಾರೆ. ಹಾಗೇನಿಲ್ಲ, ಬೇಗ ವೇಗ ಹಿಡಿಯುವ ಶಕ್ತಿ ಅನ್ನುವ ಅರ್ಥ ಅಮೆರಿಕದ ನಿಘಂಟುಗಳಲ್ಲೂ ಇದೆ. ಧೈರ್ಯವಾಗಿ ಹೇಳಿ.

ಗೋಕುಲ್‌ರೋಡ್_ಪರ್ಚೇಸ್:

ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಮೇಡಂ, ಸ್ಪೀಡ್ ಅಪ್ ಬಗ್ಗೆ ಒಂದು ಕೇಳಬೇಕು. ಭೂತಕಾಲದಲ್ಲಿ "ಸ್ಪೆಡ್ ಅಪ್" ಅಂತಲೋ "ಸ್ಪೀಡೆಡ್ ಅಪ್" ಅಂತಲೋ? ಮತ್ತೆ ವಿಮಾನದ ರೇಡಿಯೋ ಮಾತಿನ ವಿಡಿಯೋಗಳಲ್ಲಿ ಎಕ್ಸ್‌ಪೆಡೈಟ್ ತುಂಬಾ ಕೇಳಿಸುತ್ತದೆ, ಅಲ್ಲಿ ಅದರರ್ಥ ಏನು?

ಶಿವಮೊಗ್ಗ_ಇಂಗ್ಲಿಷ್_ಮೇಡಂ:

ಎರಡೂ ನಿಘಂಟಿನಲ್ಲಿವೆ. ಸರ್ರನೆ ಹೊರಟುಹೋದ ಅನ್ನುವುದಕ್ಕೆ "ಸ್ಪೆಡ್ ಅವೇ" ಅನ್ನುವುದೇ ರೂಢಿ. ಕೆಲಸ ಚುರುಕುಗೊಳಿಸಿದ ಅನ್ನುವುದಕ್ಕೆ ಎರಡೂ ನಡೆಯುತ್ತವೆ. ಯಾವುದನ್ನು ಬರೆದರೂ ಒಂದು ಪತ್ರದಲ್ಲಿ ಒಂದನ್ನೇ ಉಳಿಸಿಕೊಳ್ಳಿ. "ಅಪ್" ಮರೆಯಬೇಡಿ. "ಹಿ ವಾಸ್ ಸ್ಪೀಡಿಂಗ್" ಅಂದರೆ ಮಿತಿ ಮೀರಿ ಓಡಿಸುತ್ತಿದ್ದ ಅಂತ, ಅದು ದಂಡ ಬೀಳುವ ವಿಷಯ. "ಸ್ಪೀಡಿಂಗ್ ಅಪ್" ಅಂದರೆ ವೇಗ ಹೆಚ್ಚಿಸುತ್ತಿದ್ದ ಅಂತ ಮಾತ್ರ. ಹೇಸನ್ ಅನ್ನುವ ಪದವೂ ಇದೆ, ಬರಹದಲ್ಲಿರುವ "ಟಿ" ಉಚ್ಚಾರಣೆಯಲ್ಲಿ ಬರುವುದಿಲ್ಲ. ಅದನ್ನು ಸೋಲು, ಸಾವು, ಪತನದಂಥವು ಬೇಗ ಬಂದದ್ದಕ್ಕೆ ಹೆಚ್ಚು ಬಳಸುತ್ತಾರೆ. ಡೆಲಿವರಿಗೆ ಬೇಡ.

ಟವರ್_ಕೇಳುಗ:

ವಿಮಾನದ್ದು ನಾನು ಹೇಳುತ್ತೇನೆ. "ಎಕ್ಸ್‌ಪೆಡೈಟ್ ಕ್ಲೈಂಬ್", "ಎಕ್ಸ್‌ಪೆಡೈಟ್ ಡಿಸೆಂಟ್" ಅಂತ ಕಂಟ್ರೋಲರ್ ಹೇಳಿದರೆ ಪೈಲಟ್ ಮಾಮೂಲಿಗಿಂತ ಬೇಗ ಮೇಲೇರಬೇಕು ಅಥವಾ ಇಳಿಯಬೇಕು. ಅಪಾಯದ ಸ್ಥಿತಿ ಇನ್ನೂ ಬಂದಿಲ್ಲ, ಬಾರದಿರಲಿ ಅಂತ ಕೊಡುವ ಸೂಚನೆ ಅದು. ಅಪಾಯ ಎದುರಿಗೇ ಬಂದಾಗ ಬಳಸುವ ಪದ "ಇಮಿಡಿಯೆಟ್ಲಿ", ಅದು ಇದಕ್ಕಿಂತ ಜೋರು. ರನ್‌ವೇ ಬೇಗ ದಾಟಿ ಅನ್ನುವುದಕ್ಕೂ ಎಕ್ಸ್‌ಪೆಡೈಟ್ ಹೇಳುತ್ತಾರೆ. ಆಕ್ಸೆಲರೇಟ್ ಅಲ್ಲಿ ಹೊಂದುವುದಿಲ್ಲ, ಯಾಕೆಂದರೆ ಕಂಟ್ರೋಲರ್‌ಗೆ ಬೇಕಿರುವುದು ವಿಮಾನದ ಸ್ಪೀಡ್ ಅಲ್ಲ, ಆ ಎತ್ತರವನ್ನೋ ಆ ರನ್‌ವೇಯನ್ನೋ ಬೇಗ ಖಾಲಿ ಮಾಡುವುದು. ಕೆಲವು ಎ320 ವಿಮಾನಗಳ ಕಾಕ್‌ಪಿಟ್‌ನಲ್ಲಿ ಈ ಪದದ ಮೊದಲ ಐದು ಅಕ್ಷರ ಬರೆದ ಒಂದು ಬಟನ್ನೇ ಇದೆ. ಮೇಲೇರುವಾಗ ಒತ್ತಿದರೆ ಆಟೊಪೈಲಟ್ ವಿಮಾನವನ್ನು ಆದಷ್ಟು ಕಡಿದಾಗಿ ಏರಿಸುತ್ತದೆ. ಆಗ ವಿಮಾನದ ವೇಗ ಹೆಚ್ಚುವುದಿಲ್ಲ, ಬದಲಿಗೆ ಕಡಿಮೆಯಾಗುತ್ತದೆ.